ಕಂಪ್ಯೂಟರ್ ಲ್ಯಾಬಿನ ಏಸಿ

ಕಳೆದ ತಿಂಗಳು ಬೈಲಹೊಂಗಲದ ಹೊರವಲಯದ ಒಂದು ಕಾಲೇಜಿನಲ್ಲಿ ಸನ್ಮಾನ ಸಮಾರಂಭವಿತ್ತು. ಪತ್ರಿಕೆಯ ವರದಿಗಾರನಾಗಿ ಹೋಗಿದ್ದೆ. ಸಭಾಭವನದ ಬಾಗಿಲು ತೆರೆದ ಕೂಡಲೇ ತಣ್ಣನೆಯ ಗಾಳಿಯ ಜೊತೆ ರೆಕ್ಸಿನ್ ಸೋಫಾಗಳ ವಾಸನೆ, ಅದನ್ನು ಮುಚ್ಚಲು ಹೊಡೆದ ಗುಲಾಬಿ ಸ್ಪ್ರೇಯ ವಾಸನೆ ಮುಖಕ್ಕೆ ಬಡಿಯಿತು. ಗೋಡೆಗುಂಟ ಮೊಣಕಾಲೆತ್ತರದಲ್ಲಿ ಸಾಲಾಗಿ ಪ್ಲಗ್ ಬೋರ್ಡುಗಳಿದ್ದವು. ಗೋಡೆಯ ಬಣ್ಣವನ್ನು ಅವುಗಳ ಮೇಲೂ ಬಳಿದಿದ್ದರು. ಭಾಷಣ ಕೇಳಲು ಕುಳಿತವರಿಗೆ ಅಷ್ಟೊಂದು ಪ್ಲಗ್ ಯಾಕೆ ಎಂದು ಅಲ್ಲಿ ಯಾರೂ ಕೇಳಲಿಲ್ಲ. ನನಗೆ ಕೇಳುವ ಅಗತ್ಯವಿರಲಿಲ್ಲ. ಅದು ಆ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಆಗಿತ್ತು. ಅದು ಸಭಾಭವನವಾದ ವರ್ಷ ನಾನು ಅಲ್ಲಿಯೇ ಪಾಠ ಮಾಡುತ್ತಿದ್ದೆ.

ಬಿ.ಎ. ಕೊನೆಯ ವರ್ಷದವರಿಗೆ ಪತ್ರಿಕೋದ್ಯಮ ಕಲಿಸುವವರು ಬಿಟ್ಟು ಹೋಗಿದ್ದರು. ಊರಿನಲ್ಲಿ ವರದಿಗಾರನೊಬ್ಬ ಇದ್ದಾನಲ್ಲ, ಬೆಳಿಗ್ಗೆ ಬಂದು ಪಾಠ ಹೇಳಿ ಹೋಗಲಿ ಎಂದು ನನ್ನನ್ನು ಕರೆದರು. ವಿದ್ಯಾರ್ಥಿಗಳು ಒಂದು ಪ್ರಾಯೋಗಿಕ ಪತ್ರಿಕೆ ತರಬೇಕೆಂಬುದು ಪಠ್ಯದಲ್ಲಿತ್ತು. ಸುದ್ದಿ ಬರೆಯುವುದು, ತಿದ್ದುವುದು, ಕಂಪ್ಯೂಟರಿನಲ್ಲಿ ಪುಟ ಕಟ್ಟುವುದು, ಎಲ್ಲವನ್ನೂ ಅವರೇ ಮಾಡಬೇಕು. ಹಾಗಾಗಿ ನನಗೆ ಲ್ಯಾಬ್ ಬೇಕಾಯಿತು. ಲ್ಯಾಬಿನ ಕೀಲಿಕೈ ಕೇಳಿದ ಮೊದಲ ದಿನ ಪ್ರಾಚಾರ್ಯರು ಆಶ್ಚರ್ಯದಿಂದ, "ದಿನಾ ಬೇಕಾಗತೈತೇನ್ರಿ?" ಎಂದಿದ್ದರು.

ಆ ವರ್ಷ ಹಿಡಿದ ಜಿಟಿಜಿಟಿ ಮಳೆ ಶ್ರಾವಣ ಮುಗಿಯುವವರೆಗೂ ಬಿಡಲಿಲ್ಲ. ಸಂಪಗಾಂವ, ಕಿತ್ತೂರು ಕಡೆಯ ಬಸ್ಸುಗಳಿಂದ ಇಳಿದ ಹುಡುಗರು ಎರೆಮಣ್ಣು ಮೆತ್ತಿಕೊಂಡ ಚಪ್ಪಲಿಗಳನ್ನು ಲ್ಯಾಬಿನ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರು. ಒಳಗೆ ಏಸಿ. ಕಂಪ್ಯೂಟರುಗಳನ್ನು ತಂಪಾಗಿ ಇಡಬೇಕೆಂಬುದು ಅನುದಾನದ ಷರತ್ತಾಗಿತ್ತು. ಇಡೀ ಕಾಲೇಜಿನಲ್ಲಿ ಏಸಿ ಇದ್ದ ಖೋಲಿ ಅದೊಂದೇ. ಒದ್ದೆ ಬಟ್ಟೆಯ ಹುಡುಗಿಯರು ಸೆರಗು, ದುಪಟ್ಟಾ ಬಿಗಿದುಕೊಂಡು ನಡುಗುತ್ತ ಕೂರುತ್ತಿದ್ದರು. ಕಂಪ್ಯೂಟರುಗಳು ಮಾತ್ರ ಬೆಚ್ಚಗಿದ್ದವು. ಪ್ರತಿಯೊಂದಕ್ಕೂ ನೀಲಿ ಬಟ್ಟೆಯ ಹೊದಿಕೆಯಿತ್ತು. ಹೊದಿಕೆಯ ಮೇಲೆ ಸಂಸ್ಥೆಯ ಅಧ್ಯಕ್ಷರ ತೀರಿಹೋದ ತಂದೆಯವರ ಹೆಸರನ್ನು ಕಸೂತಿಯಲ್ಲಿ ಹೊಲಿಸಿದ್ದರು. ಕಂಪ್ಯೂಟರ್ ಕೊಟ್ಟದ್ದು ಸರ್ಕಾರ. ಅಧ್ಯಕ್ಷರು ಕೊಟ್ಟದ್ದು ಹೊದಿಕೆ. ಹೆಸರು ಯಾರದು ಉಳಿಯಿತೆಂಬುದನ್ನು ಹೊದಿಕೆಯೇ ಹೇಳುತ್ತಿತ್ತು.

ಲ್ಯಾಬನ್ನು ಒಬ್ಬರೇ ಕೊಂದರು ಎಂದು ಬರೆದರೆ ಸುಳ್ಳು ವರದಿಯಾಗುತ್ತದೆ. ಅದು ಮೊದಲೇ ಅರ್ಧ ಸತ್ತಿತ್ತು. ಬಹುಪಾಲು ಹುಡುಗರು ಅಲ್ಲಿಗೆ ಬರುತ್ತಿದ್ದುದು ವೈಫೈ ಸಿಗುತ್ತದೆಂದು, ಮೊಬೈಲ್ ಚಾರ್ಜ್ ಆಗುತ್ತದೆಂದು. ಹೊದಿಕೆ ತೆಗೆಯದ ಕಂಪ್ಯೂಟರಿನ ಎದುರು ಕೂತು, ಅದರ ಪ್ಲಗ್ಗಿಗೇ ತಮ್ಮ ಫೋನು ಸಿಕ್ಕಿಸಿ, ತಲೆ ತಗ್ಗಿಸಿ ರೀಲ್ಸ್ ನೋಡುತ್ತಿದ್ದರು. ಅಧ್ಯಾಪಕರು ಬರುತ್ತಿದ್ದುದು ತಮ್ಮ ಮಕ್ಕಳ ಅರ್ಜಿಗಳನ್ನು ಮುದ್ರಿಸಿಕೊಳ್ಳಲು. ಪ್ರಾಚಾರ್ಯರು ಬರುತ್ತಿದ್ದುದು ಅತಿಥಿಗಳಿಗೆ ಬಾಗಿಲಿನಿಂದ ತೋರಿಸಲು. ವರದಿಗೆಂದು ಸುತ್ತುವಾಗ ಸವದತ್ತಿಯ ಒಂದು ಕಾಲೇಜಿನಲ್ಲಿ ಲ್ಯಾಬಿನೊಳಗೆ ಹಳೆಯ ಉತ್ತರಪತ್ರಿಕೆಗಳ ಗಂಟುಗಳನ್ನು ಕಂಡಿದ್ದೆ. ರಾಮದುರ್ಗದ ಇನ್ನೊಂದರಲ್ಲಿ ಕುಸ್ತಿಯ ಚಾಪೆಗಳಿದ್ದವು. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಕನಿಷ್ಠ ಕಂಪ್ಯೂಟರುಗಳಿದ್ದವು, ಬಟನ್ ಒತ್ತಿದರೆ ಹತ್ತುತ್ತಿದ್ದವು ಕೂಡ.

ಅವುಗಳನ್ನು ನಿಜವಾಗಿ ಬಳಸಿದವಳು ಸಂಪಗಾಂವದ ದಾಕ್ಷಾಯಿಣಿ. ಒಕ್ಕಲುತನದ ಮನೆಯ ಹುಡುಗಿ. ಅವಳ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಇದ್ದ ಫೋನನ್ನು ಅಣ್ಣ ಹೊಲಕ್ಕೆ ಒಯ್ಯುತ್ತಿದ್ದ. ಒಂದು ಕಂಪ್ಯೂಟರಿಗೆ ಇಬ್ಬರನ್ನು ಕೂರಿಸುತ್ತಿದ್ದೆ. ಅವಳ ಪಕ್ಕಕ್ಕೆ ಬಂದವನು ಕಿತ್ತೂರಿನ ಬಸವರಾಜ. ಒಬ್ಬರು ಮೌಸ್ ಹಿಡಿದರೆ ಇನ್ನೊಬ್ಬರು ತಪ್ಪು ಹುಡುಕಬೇಕು. ನಾನು ಹಾಕಿದ ನಿಯಮ ಅದೊಂದೇ, ಅವರಿಬ್ಬರಿಗೂ ಅದು ತುಂಬಾ ಹಿಡಿಸಿತ್ತು.

"ಏ ಬಸ್ಯಾ, ಮೌಸ್ ಬಿಡೋ. ನೀ ಹೆಡ್ಡಿಂಗ್ ಎಳದ್ರ ಪೇಜ್ ತುಂಬ ಅದ ಆಗತೈತಿ."

"ನಮ್ಮೂರ ಸುದ್ದಿ ಅಂದ್ರ ದೊಡ್ಡದ ಇರಬೇಕವಾ. ಹೈವೇ ಮ್ಯಾಲಿನ ಊರ ನಮ್ದು."

"ಹೈವೇ ಮ್ಯಾಲಿನ ಲಾರಿನ ನಿಮ್ಮೂರಾಗ ನಿಲ್ಲಂಗಿಲ್ಲ. ಸುದ್ದಿ ಏನ್ ನಿಂತೀತು?"

ಹಿಂದಿನ ಬೆಂಚಿನವರು ನಕ್ಕರೆ ಅವರ ಗಮನ ಫೋನಿನಿಂದ ಈ ಕಡೆ ಬರುತ್ತಿತ್ತು. ಯಾರೋ ಎದ್ದು ಬಂದು "ಅಲ್ಲಲ್ಲ, ಆ ಕಾಲಂ ಸಣ್ಣದ ಮಾಡ್ರಿ" ಎನ್ನುತ್ತಿದ್ದರು. ಹೀಗೆ ಎದ್ದು ಬಂದವರಲ್ಲಿ ಕೆಲವರು ಅಲ್ಲಿಯೇ ಕೂತು ಕಲಿತರು. ಫೋನಿನ ಮೇಲೆ ಬಗ್ಗಿದವನ ತಪ್ಪು ಪಕ್ಕದವನಿಗೆ ಕಾಣುವುದಿಲ್ಲ. ಲ್ಯಾಬಿನ ಪರದೆಯ ಮೇಲಿನ ತಪ್ಪು ಇಡೀ ಖೋಲಿಗೆ ಕಾಣುತ್ತದೆ.

ಆಗಸ್ಟಿನಲ್ಲಿ ಹುಬ್ಬಳ್ಳಿಯ ಒಂದು ಪತ್ರಿಕೆಯ ಗೆಳೆಯ ಫೋನ್ ಮಾಡಿದ. ಬೇಸಿಗೆಯಲ್ಲಿ ಪುಟವಿನ್ಯಾಸಕ್ಕೆ ಹೊಸಬರನ್ನು ತೆಗೆದುಕೊಳ್ಳುತ್ತಾರೆ, ಕಂಪ್ಯೂಟರಿನ ಮುಂದೆ ಕೂರಿಸಿ ಅಲ್ಲಿಯೇ ಒಂದು ಪುಟ ಮಾಡಿಸುತ್ತಾರೆ, ಬಂದರೆ ಕೆಲಸ, ಬಾರದಿದ್ದರೆ ಮನೆ. ತರಗತಿಯಲ್ಲಿ ಹೇಳಿದೆ. ಕೇಳಿದವರು ಮತ್ತೆ ಫೋನಿಗೆ ತಲೆ ತಗ್ಗಿಸಿದರು. ದಾಕ್ಷಾಯಿಣಿ ಮರುದಿನ ನನ್ನನ್ನು ಹುಡುಕಿಕೊಂಡು ಬಂದಳು.

"ಸರ್, ಅಪ್ಪನ್ನ ಕೇಳೇನ್ರಿ. ಒಂದ ಸಲ ಹೋಗಿ ಬಾ ಅಂದಾನ. ಆಗಲಿಲ್ಲಂದ್ರ ಮತ್ತ ಹುಬ್ಬಳ್ಳಿ ಹೆಸರ ತಗೀಬಾರ್ದು ಅಂದಾನ್ರಿ."

"ನಿನಗೆ ಏನು ಬೇಕು?"

"ಪೇಪರ್‌ದಾಗ ಕುಂಡ್ರಬೇಕ್ರಿ ಸರ್. ನಾ ಮಾಡಿದ್ದ ಪೇಜ ಮುಂಜಾನೆ ಊರಾಗ ಎಲ್ಲಾರೂ ಓದಬೇಕ್ರಿ."

ಆಸೆ ಸ್ಪಷ್ಟವಾಗಿತ್ತು. ದಾರಿಯೂ ಸ್ಪಷ್ಟವಾಗಿತ್ತು. ದಸರೆಯವರೆಗೆ ತಲೆಬರಹ, ಕಾಲಂ, ಅಕ್ಷರದ ಅಳತೆ. ದೀಪಾವಳಿಯ ನಂತರ ಫೋಟೋ. ಪುಟದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಫೋಟೋ ಇಡುವುದು. ಅದನ್ನು ನಿಧಾನವಾಗಿ ಕಲಿಸೋಣ ಎಂದು ಕೊನೆಗೆ ಇಟ್ಟುಕೊಂಡಿದ್ದೆ.

ದಸರೆಯ ಹೊತ್ತಿಗೆ ಮಳೆ ಪೂರ್ತಿ ಹೋಗಿ ಬಿಸಿಲು ಬಿದ್ದಿತ್ತು. ರಸ್ತೆಯ ಮೇಲೆಲ್ಲ ಸೋಯಾಬೀನ್ ಒಣಹಾಕಿದ್ದರು. ಅದರ ದೂಳು ಕಾಲೇಜಿನ ಕಿಟಕಿಗಳವರೆಗೆ ಬರುತ್ತಿತ್ತು. ನಮ್ಮ ಕಡೆ ಖಂಡೇಪೂಜೆಗೆ ಕೂರಿಗೆ, ಕುಂಟೆ, ಟ್ರ್ಯಾಕ್ಟರ್ ಎಲ್ಲವನ್ನೂ ತೊಳೆದು ಪೂಜೆ ಮಾಡುತ್ತಾರೆ. ದಿನವೂ ದುಡಿಯುವ ವಸ್ತುವಿಗೆ ಒಂದು ದಿನದ ಮರ್ಯಾದೆ ಅದು. ಕಾಲೇಜಿನಲ್ಲಿ ಕಂಪ್ಯೂಟರುಗಳಿಗೆ ಮಾಡುತ್ತಿದ್ದರು. ಅಂದು ಹೊದಿಕೆಗಳು ಹೊರಬಂದವು. ಪರದೆಗಳಿಗೆ ವಿಭೂತಿ ಬಳಿದು, ಕೀಬೋರ್ಡುಗಳ ಮೇಲೆ ಲಿಂಬೆಹಣ್ಣು, ಚೆಂಡು ಹೂ ಇಟ್ಟರು. ವರ್ಷವಿಡೀ ಯಾರೂ ಮುಟ್ಟದ ಕಂಪ್ಯೂಟರುಗಳಿಗೂ ಅಷ್ಟೇ ಹೂವು ಸಿಕ್ಕಿತು.

ಪೂಜೆಗೆ ಅಧ್ಯಕ್ಷರು ಬಂದರು. ಅರಳೆಯ ವ್ಯಾಪಾರದ ಹಳೆಯ ಮನೆತನ. ಊರವರು ಅವರನ್ನು ಸಾವಕಾರ್ರು ಎನ್ನುತ್ತಾರೆ. ಲ್ಯಾಬ್ ಶುರುವಾದಂದು ರಿಬ್ಬನ್ ಕತ್ತರಿಸಿ ಹೊಸ್ತಿಲಿನಿಂದಲೇ ಮರಳಿದವರು ಅಂದೇ ಮೊದಲ ಸಲ ಒಳಗೆ ಬಂದದ್ದು. ಬಿಸಿಲಲ್ಲಿ ಬಂದಿದ್ದರು, ಬೆವರಿದ್ದರು. ಆರತಿ ಮುಗಿಯುವ ಮೊದಲೇ ಕುರ್ಚಿ ಎಳೆದುಕೊಂಡು ಏಸಿಯ ಕೆಳಗೆ ಕೂತು ಅಂಗಿಯ ಮೇಲಿನ ಗುಂಡಿ ಬಿಚ್ಚಿದರು. ಪ್ರಸಾದದ ಹೋಳಿಗೆ ಅಲ್ಲಿಗೇ ಬಂತು. ಹೋಳಿಗೆ ತಿಂದ ಮೇಲೆ ಕಣ್ಣು ಮುಚ್ಚಿದರು. ನಾವೆಲ್ಲ ನಿಂತಿದ್ದೆವು. ಪೂಜಾರಿ ಗಂಟೆಯ ನಾಲಗೆಯನ್ನು ಬೆರಳಲ್ಲಿ ಹಿಡಿದುಕೊಂಡ.

ಸ್ವಲ್ಪ ಹೊತ್ತಿನ ಮೇಲೆ ಅವರು ಕಣ್ಣು ತೆರೆದು ಸುತ್ತ ನೋಡಿದರು.

"ಏನ್ರಿ ಪ್ರಿನ್ಸಿಪಾಲರ, ಇಷ್ಟ ತಂಪ ಖೋಲಿ ಇಟಗೊಂಡ, ಕಮಿಟಿ ಮೀಟಿಂಗ್ ಆ ತಗಡಿನ ಖೋಲ್ಯಾಗ ಮಾಡ್ತೀರಲ್ರಿ! ನಾವೇನ್ ಮನಷ್ಯಾರ ಅಲ್ಲೇನ್?"

"ಇದ ಮಶೀನ್‌ಗೋಳ ಸಲುವಾಗಿ ಐತ್ರಿ ಸಾವಕಾರ್ರ," ಎಂದರು ಪ್ರಾಚಾರ್ಯರು.

"ಮಶೀನ್‌ಗೆ ಶಕಿ ಆಗತೈತೇನ್ರಿ?"

ಎಲ್ಲರೂ ನಕ್ಕರು. ಪ್ರಾಚಾರ್ಯರು ಉಳಿದವರಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಕ್ಕರು. ಅವರು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಶಾಖದ ಬಗ್ಗೆ ಪುಸ್ತಕ ಬರೆದಿದ್ದರು.

ದೀಪಾವಳಿ ರಜೆ ಮುಗಿಸಿ ಬಂದಾಗ ಲ್ಯಾಬಿನ ಬಾಗಿಲು ತೆರೆದಿತ್ತು, ಒಳಗೆ ಬಡಿಗರಿದ್ದರು. ಕಂಪ್ಯೂಟರುಗಳನ್ನು ಹಿಂದಿನ ಕಟ್ಟಡದ ಉಗ್ರಾಣದ ಖೋಲಿಯಲ್ಲಿ ಒಂದರ ಮೇಲೊಂದು ಒಟ್ಟಿದ್ದರು. ಆ ಖೋಲಿಯಲ್ಲಿ ಬಲ್ಬಿನ ಹೋಲ್ಡರ್ ಇತ್ತು, ಪ್ಲಗ್ ಇರಲಿಲ್ಲ. ಹೊದಿಕೆಗಳನ್ನು ಮಾತ್ರ ಮರೆಯದೆ ಹಾಕಿದ್ದರು. ಪ್ರಾಚಾರ್ಯರ ಕೋಣೆಗೆ ಹೋಗಿ, ಪಾಠ ಎಲ್ಲಿ ಮಾಡಲಿ ಎಂದು ಕೇಳಿದೆ.

"ಅಲ್ರಿ, ಈಗ ಯಾರಿಗ ಬೇಕ ಲ್ಯಾಬ್? ಎಲ್ಲಾರ ಕಿಸೇದಾಗೂ ಕಂಪ್ಯೂಟರ್ ಐತಿ. ನೀವ ಪೇಪರ್‌ನವರು, ಕಾಲ ನಿಮಗಿಂತ ಯಾರಿಗೆ ತಿಳೀತದ?"

"ಫೋನಿನಲ್ಲಿ ಪತ್ರಿಕೆಯ ಪುಟ ಕಟ್ಟಲು ಬರುವುದಿಲ್ಲ ಸರ್. ಒಂದು ಹುಡುಗಿ ಹುಬ್ಬಳ್ಳಿಯ ಪರೀಕ್ಷೆಗೆ ತಯಾರಾಗುತ್ತಿದ್ದಾಳೆ."

"ಒಬ್ಬಾಕಿ ಸಲುವಾಗಿ ಏಸಿ ಹಚ್ಚೂದೇನ್ರಿ?" ಎಂದರು. ಸಾವಕಾರ್ರ ಮಧ್ಯಾಹ್ನದ ನಿದ್ದೆ ಕೂಡ ಒಬ್ಬರದೇ ಎಂದು ನಾನು ಹೇಳಿದೆ. ಅವರಿಗೆ ಕೇಳಿಸಲಿಲ್ಲ. ಪ್ರಾಚಾರ್ಯರ ಹುದ್ದೆಗೆ ಅಂಥ ಕಿವಿ ಅರ್ಹತೆಯಾಗಿತ್ತು.

ಆಮೇಲೆ ಫೋಟೋದ ಪಾಠವನ್ನು ನಾನು ಕಪ್ಪು ಹಲಗೆಯ ಮೇಲೆ ಮಾಡಿದೆ. ಸೀಮೆಸುಣ್ಣದಿಂದ ಚೌಕಗಳನ್ನು ಬರೆದು, ಇದು ಫೋಟೋ, ಇದು ಶೀರ್ಷಿಕೆ ಎಂದೆ. ಫೋಟೋದ ಅಳತೆಯನ್ನು ಸುದ್ದಿಯ ತೂಕ ನೋಡಿ ಇಡಬೇಕು, ಫೋಟೋದಲ್ಲಿರುವ ಮನುಷ್ಯನ ತೂಕ ನೋಡಿ ಇಡಬಾರದು ಎಂದೆ. ದಾಕ್ಷಾಯಿಣಿ ಬರೆದುಕೊಂಡಳು. ಚೌಕ ಬರೆಯುವುದರಿಂದ ಕೈ ಪಳಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಮುಂದಿನ ವಾರ ಬಂದು, "ಸರ್, ಬಜಾರದಾಗ ರಫೀಕಣ್ಣಾರ ಫ್ಲೆಕ್ಸ್ ಅಂಗಡ್ಯಾಗ ಕಂಪ್ಯೂಟರ್ ಐತ್ರಿ. ಮಧ್ಯಾಹ್ನ ಬಂದ ಕೆಲಸ ಮಾಡಿದ್ರ ಕಲಸ್ತೇನಿ ಅಂದಾರ್ರಿ. ಹೋಗ್ಲೇನ್ರಿ?" ಎಂದಳು. ಬೇರೆ ದಾರಿ ಇದ್ದರೆ ತಾನೇ ಬೇಡವೆನ್ನಲು. ಹೋಗು ಎಂದೆ.

ರಫೀಕ್ ಊರಿನ ಫ್ಲೆಕ್ಸುಗಳನ್ನೆಲ್ಲ ಮುದ್ರಿಸುವವನು. ಹುಟ್ಟುಹಬ್ಬ, ಗೃಹಪ್ರವೇಶ, ಭಾವಪೂರ್ಣ ಶ್ರದ್ಧಾಂಜಲಿ, ಸ್ವಾಗತ ಸುಸ್ವಾಗತ. ಒಂದು ಮಧ್ಯಾಹ್ನ ಆ ಕಡೆ ಹೋದಾಗ ಅಂಗಡಿಗೆ ಹೊಕ್ಕೆ. ಮುದ್ರಣದ ಬಣ್ಣದ ಘಾಟು ಕಣ್ಣಿಗೆ ಬಡಿಯುತ್ತಿತ್ತು. ದಾಕ್ಷಾಯಿಣಿ ಪರದೆಯ ಮುಂದೆ ಕೂತಿದ್ದಳು. ರಫೀಕ್ ಹಿಂದೆ ನಿಂತು ಚಹಾ ಕುಡಿಯುತ್ತಿದ್ದ.

"ತಂಗಿ, ಆ ತಲಿ ಇನ್ನಷ್ಟ ಜಗ್ಗ. ಎಮ್ಮೆಲ್ಲೆ ತಲಿಗಿಂತ ಸಣ್ಣದ ಇರಬೇಕ, ಬಾಕಿಯವರಗಿಂತ ದೊಡ್ಡದ. ಲೆಕ್ಕ ತಪ್ಪಿತಂದ್ರ ಅಂಗಡಿಗೇ ಬಂದ ನಿಂದರ್ತಾರ."

"ಈ ಕೆಳಗಿನ ಸಾಲಿನವರು ಯಾರ್ರಿ ಅಣ್ಣಾ?"

"ಶುಭ ಕೋರುವವರು. ಅವರ ಮಾರಿ ಕಂಡ್ರ ಸಾಕ, ಗುರ್ತ ಸಿಗಬೇಕಂತೇನಿಲ್ಲ."

ಪರದೆಯ ಮೇಲಿದ್ದುದು ನಮ್ಮ ಕಾಲೇಜಿನದೇ ಬ್ಯಾನರ್. 'ಹೈಟೆಕ್ ಹವಾನಿಯಂತ್ರಿತ ಸಭಾಭವನದ ಉದ್ಘಾಟನೆ.' ತನ್ನ ಲ್ಯಾಬನ್ನು ಕಿತ್ತುಕೊಂಡವರ ತಲೆಗಳನ್ನು ಆ ಹುಡುಗಿ ಒಂದೊಂದಾಗಿ ಅಂದವಾಗಿ ಕತ್ತರಿಸಿ, ಅಂಚು ನಯಗೊಳಿಸಿ, ಯೋಗ್ಯತೆಗೆ ತಕ್ಕಂತೆ ಎಂದು ಅವರೇ ನಂಬಿದ ಅಳತೆಯಲ್ಲಿ ಜೋಡಿಸುತ್ತಿದ್ದಳು. ರಫೀಕ್ ಜಗ್ಗಲು ಹೇಳಿದ ತಲೆ ಸಾವಕಾರ್ರದು, ಪ್ರಾಚಾರ್ಯರ ಮುಖ ಕೆಳಗಿನ ಸಾಲಿನಲ್ಲಿತ್ತು. ಅವಳ ಕೈ ಚುರುಕಾಗಿತ್ತು. ನಾನು ಇಷ್ಟು ದಿನದಲ್ಲಿ ಅಷ್ಟು ಚುರುಕು ಕಲಿಸಿರಲಿಲ್ಲ. ಅವಳು ನನ್ನನ್ನು ನೋಡಿ ಎದ್ದು ನಿಂತು, "ಫೋಟೋ ಇಡಾಕ ಬರಾಕತ್ತೈತ್ರಿ ಸರ್," ಎಂದು ನಕ್ಕಳು.

ಚಳಿಗಾಲ ಮುಗಿಯುವ ಹೊತ್ತಿಗೆ ಕಾಲೇಜಿನ ಗುಣಮಟ್ಟ ನೋಡಲು ಹೊರಗಿನಿಂದ ಒಂದು ಸಮಿತಿ ಬಂತು. ಅವರನ್ನು ಹೊಸ ಸಭಾಭವನದಲ್ಲಿಯೇ ಕೂರಿಸಿ ಶಾಲು ಹೊದಿಸಿದರು. ಪ್ರತಿಯೊಬ್ಬ ವಿದ್ಯಾರ್ಥಿಯ ಅಂಗೈಯಲ್ಲೇ ಲ್ಯಾಬ್ ಇರುವ ಹೊಸ ವ್ಯವಸ್ಥೆಗೆ ನಾವು ಹೋಗಿದ್ದೇವೆ ಎಂದು ಪ್ರಾಚಾರ್ಯರು ವಿವರಿಸಿದರು. ನಂತರ ಸನ್ನೆ ಮಾಡಿದರು. ಸಾಲಾಗಿ ಕೂತಿದ್ದ ವಿದ್ಯಾರ್ಥಿಗಳು ತಮ್ಮ ಫೋನುಗಳನ್ನು ಎತ್ತಿ ಹಿಡಿದರು. ಹಿಂದಿನ ದಿನ ಇದರ ತಾಲೀಮು ನಡೆದಿತ್ತು. ಫೋನ್ ಇಲ್ಲದ ದಾಕ್ಷಾಯಿಣಿಯನ್ನು ನೀರು ಕೊಡುವ ಕೆಲಸಕ್ಕೆ ಹಚ್ಚಿದ್ದರು.

ಸಮಿತಿಯಲ್ಲಿದ್ದ ಹಿರಿಯರೊಬ್ಬರಿಗೆ ಏನೋ ಅನುಮಾನ ಬಂದಿರಬೇಕು. ಮುಂದಿನ ಸಾಲಿನ ಬಸವರಾಜನನ್ನು ಎಬ್ಬಿಸಿ, "ಮೊದಲು ಕಂಪ್ಯೂಟರ್ ಲ್ಯಾಬ್ ಎಲ್ಲಿತ್ತಪ್ಪಾ?" ಎಂದು ಕೇಳಿದರು.

"ಇದ ರೀ ಸರ್. ನೀವ ಕುಂತೀರಲ್ರಿ, ಅಲ್ಲೇ ನಾನೂ ದಾಕ್ಷಾಯಿಣೀನೂ ಕುಂದರ್ತಿದ್ವಿ. ಈಗ ಅಲ್ಲೆ ಸಾವಕಾರ್ರು ಮಲಕೋತಾರ್ರಿ."

ಪ್ರಾಚಾರ್ಯರ ಮುಖದ ಬಣ್ಣ ಹೋಯಿತು. ನಾನು ಗೋಡೆಗೆ ಒರಗಿ ನಿಂತಿದ್ದವನು ನೆಟ್ಟಗಾದೆ. ಆ ವರ್ಷ ಆ ಕಾಲೇಜಿನಲ್ಲಿ ಯಾರೋ ಒಬ್ಬರು ಸತ್ಯವನ್ನು ಸರಿಯಾದ ಜಾಗದಲ್ಲಿ, ಸರಿಯಾದವರ ಮುಂದೆ ಹೇಳಿದ ಗಳಿಗೆ ಅದೊಂದೇ. ಸಮಿತಿಯವರು ಪರಸ್ಪರ ಮುಖ ನೋಡಿಕೊಂಡರು, ಆಮೇಲೆ ಗಟ್ಟಿಯಾಗಿ ನಕ್ಕರು. ಊಟಕ್ಕೆ ಎದ್ದರು. ಅವರು ಬರೆದುಕೊಟ್ಟು ಹೋದ ಅಭಿಪ್ರಾಯದಲ್ಲಿ ವಿದ್ಯಾರ್ಥಿಗಳ ಸಂವಹನ ಕೌಶಲ ಮೆಚ್ಚುವಂತಿದೆ ಎಂಬ ಮಾತಿತ್ತು. ಆ ವಾಕ್ಯವನ್ನು ಕಾಲೇಜಿನವರು ದೊಡ್ಡ ಫ್ಲೆಕ್ಸ್ ಮಾಡಿಸಿ ಗೇಟಿಗೆ ಕಟ್ಟಿದರು. ಅದನ್ನೂ ಮಾಡಿದವಳು ದಾಕ್ಷಾಯಿಣಿಯೇ.

ಬೇಸಿಗೆಯಲ್ಲಿ ಹುಬ್ಬಳ್ಳಿಯಿಂದ ಕರೆ ಬಂತು. ನನಗೂ ಅಲ್ಲಿ ಕೆಲಸವಿತ್ತು, ಇಬ್ಬರೂ ಒಂದೇ ಬಸ್ಸಿಗೆ ಹೋದೆವು. ದಾರಿಯುದ್ದಕ್ಕೂ ಅವಳ ಬೆರಳುಗಳು ಮಡಿಲಲ್ಲಿದ್ದ ಚೀಲದ ಮೇಲೆ ಏನನ್ನೋ ಎಳೆಯುತ್ತಿದ್ದವು, ಜಗ್ಗುತ್ತಿದ್ದವು. ಪತ್ರಿಕೆಯ ಕಚೇರಿಯಲ್ಲಿ ಅವಳನ್ನು ಒಳಗೆ ಕರೆದರು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಪರೀಕ್ಷೆಗೆ ಬಂದ ಉಳಿದವರು ದೊಡ್ಡ ಊರುಗಳ ಹುಡುಗರು, ಹೆಚ್ಚಿನವರ ತೊಡೆಯ ಮೇಲೆ ಲ್ಯಾಪ್‌ಟಾಪ್ ಚೀಲಗಳಿದ್ದವು. ಒಬ್ಬೊಬ್ಬರೇ ಒಳಗೆ ಹೋಗಿ ಸಪ್ಪೆ ಮುಖ ಮಾಡಿಕೊಂಡು ಹೊರಬಂದರು. ಕೊನೆಗೆ ಬಂದವಳು ಅವಳು. ನೇರವಾಗಿ ಬಸ್ ಸ್ಟ್ಯಾಂಡಿನವರೆಗೆ ನಡೆದಳು. ಬಸ್ಸು ಹೊರಟ ಮೇಲೆ ಚೀಲದಿಂದ ತಾನು ಮಾಡಿದ ಪುಟದ ಪ್ರತಿಯನ್ನು ತೆಗೆದು ನನ್ನ ಕೈಗಿಟ್ಟಳು.

"ಸೋಮವಾರದಿಂದ ಬಾ ಅಂದಾರ್ರಿ ಸರ್."

ನನಗೆ ಆದ ಸಂತೋಷವನ್ನು ಇಲ್ಲಿ ದಾಖಲಿಸಬೇಕು. ಆ ವರ್ಷದಲ್ಲಿ ಸಂತೋಷಕ್ಕೆ ಬೇರೆ ಕಾರಣ ಇರಲಿಲ್ಲ. ಆಮೇಲೆ ಪುಟ ನೋಡಿದೆ. ಪರೀಕ್ಷೆಗೆ ಅವರು ಕೊಟ್ಟ ಸುದ್ದಿ, ಬಿರುಗಾಳಿಗೆ ಒಂದು ಹಳ್ಳಿಯ ಶಾಲೆಯ ತಗಡು ಹಾರಿಹೋಗಿ ಮಕ್ಕಳು ಬಯಲಲ್ಲಿ ಕೂತಿದ್ದು. ನೋಡಲು ಮಂತ್ರಿಯೊಬ್ಬರು ಬಂದಿದ್ದರೆಂದು ಕೊನೆಯ ಸಾಲಿನಲ್ಲಿತ್ತು. ಪುಟದ ನೆತ್ತಿಯಲ್ಲಿ ಮಂತ್ರಿ ಕೈ ಮುಗಿದು ನಿಂತಿದ್ದರು. ಅವರ ಪಕ್ಕ ಶಾಸಕರು, ಸ್ವಲ್ಪ ಸಣ್ಣವರು. ಅವರ ಪಕ್ಕ ಇನ್ನೂ ಸಣ್ಣವರು. ಅಂಚುಗಳು ಚೆನ್ನಾಗಿ ನಯವಾಗಿದ್ದವು. ಚಾವಣಿಯಿಲ್ಲದ ಶಾಲೆ ಮಂತ್ರಿಯ ಮೊಣಕೈ ಕೆಳಗೆ ಅಂಚೆಚೀಟಿಯಷ್ಟು ಜಾಗದಲ್ಲಿತ್ತು. ಮಕ್ಕಳಿದ್ದಾರೆಂದು ಕಾಣುತ್ತಿತ್ತು, ಗುರುತು ಸಿಗುತ್ತಿರಲಿಲ್ಲ.

"ಮೊದಲಿಗೆ ಸಾಲಿ ಮಕ್ಕಳ ಫೋಟೋನ ದೊಡ್ಡದ ಇಟ್ಟಿದ್ದೆರಿ," ಎಂದಳು, ನಾನು ಏನನ್ನೂ ಕೇಳದಿದ್ದರೂ. "ನೀವ ಬೋರ್ಡಿನ ಮ್ಯಾಲ ಹೇಳಿದ್ದ ನೆನಪಿತ್ತರಿ. ಆಮ್ಯಾಲ ಕೈ ತಾನ ಹೋತ್ರಿ ಸರ್. ಮಂತ್ರಿ ತಲಿ ಹಿಡದ ಜಗ್ಗಿತು. ಪರೀಕ್ಷಾ ತಗೊಳ್ಳೂ ಸಾಹೇಬ್ರು ಹಿಂದ ನಿಂತಿದ್ರು. ಇಷ್ಟ ಲಗೂನ ಯಾರೂ ಮಾಡಿಲ್ಲ, ಈಕಿಗೆ ಪೇಪರಿನ ಲೆಕ್ಕ ಗೊತ್ತದ ಅಂದ್ರು." ನನ್ನ ಕೈಯಲ್ಲಿದ್ದ ಪುಟದ ಕಡೆ ನೋಡಿ, "ತಪ್ಪಾತೇನ್ರಿ ಸರ್?" ಎಂದು ಕೇಳಿದಳು.

ನನ್ನ ಚೀಲದಲ್ಲಿ ಆ ದಿನದ ಎರಡು ಪತ್ರಿಕೆಗಳಿದ್ದವು. ಒಂದು ಅವರದು, ಒಂದು ನಮ್ಮದು. ಎರಡರ ಮುಖಪುಟವನ್ನೂ ಬೆಳಿಗ್ಗೆಯೇ ನೋಡಿದ್ದೆ. ಅವುಗಳ ಪಕ್ಕ ಇವಳ ಪುಟವನ್ನು ಇಟ್ಟರೆ ಯಾವುದು ಪರೀಕ್ಷೆಯದು ಎಂದು ಓದುಗರು ಹೇಳಲಾರರು.

"ಇಲ್ಲ," ಎಂದೆ. "ಏನೂ ತಪ್ಪಾಗಿಲ್ಲ."

ಅವಳ ಮುಖ ಅರಳಿತು. ನನ್ನ ಫೋನ್ ಕೇಳಿ ಪಡೆದು ಅಣ್ಣನಿಗೆ ಹಚ್ಚಿ, ಅಪ್ಪನ ಕೈಗೆ ಕೊಡಲು ಹೇಳಿದಳು. ಧಾರವಾಡ ದಾಟಿದ ಬಸ್ಸಿನ ಗದ್ದಲದಲ್ಲಿ ಕೂಗಿ ಹೇಳಬೇಕಾಯಿತು. "ಅಪ್ಪಾ, ಆತಪಾ! ಕೆಲಸ ಕೊಟ್ರು! ಹೂಂ, ಪೇಪರ್‌ದಾಗ! ನಾ ಮಾಡಿದ್ದ ಪೇಜ್ ಭಾಳ ಚಲೋ ಐತಿ ಅಂದ್ರು!" ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ ನಕ್ಕಳು. ಆ ಕಡೆಯಿಂದ ಅಪ್ಪ, ಯಾವ ಸುದ್ದಿಯ ಪೇಜ್ ಮಾಡಿದೆ ಎಂದು ಕೇಳಿರಬೇಕು.

"ಮಂತ್ರಿ ಬಂದಿದ್ದ ಸುದ್ದೀದಪಾ," ಎಂದಳು.